ಗುತ್ತಿಗೆ 2044ರವರೆಗೆ ಇದೆ: ಕೌನ್ಸಿಲ್ ಸಭೆಗೆ ಯಾರು ಯಾರು ಬರುತ್ತೀರಿ?

ನಿರ್ವಾಹಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ಬಗ್ಗೆ ಬಿಡಿಬಿಡಿಯಾಗಿ ಮಾತು ನಡೆಯುತ್ತಿದೆ, ಇನ್ನು ಮುಂದೆ ಇಲ್ಲೇ ಬರೆಯೋಣ. ಗೊತ್ತಿಲ್ಲದವರಿಗಾಗಿ: ಇಲ್ಲಿ ಆಡುವ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅಮೆರಿಕನ್ ಫುಟ್‌ಬಾಲ್ ತಂಡ 2044ರವರೆಗೆ ಗುತ್ತಿಗೆಯಿದ್ದರೂ ಪ್ಯಾಸಡೀನಾ ಬಿಟ್ಟು ಇಂಗಲ್‌ವುಡ್‌ನ ಸೋಫೈ ಕ್ರೀಡಾಂಗಣಕ್ಕೆ ಹೋಗಲು ನೋಡುತ್ತಿದೆ ಎಂದು ಆರೋಪಿಸಿ ನಮ್ಮ ನಗರಾಡಳಿತ ಮತ್ತು ರೋಸ್ ಬೌಲ್ ನಿರ್ವಹಣಾ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ದಾವೆ ಹೂಡಿದವು. ಯಾವ ತೀರ್ಮಾನವೂ ಆಗಿಲ್ಲ ಎಂದು ವಿಶ್ವವಿದ್ಯಾಲಯ ಉತ್ತರಿಸಿತು. ನವೆಂಬರ್‌ನಲ್ಲಿ ನಗರ ಕೇಳಿದ ತುರ್ತು ತಡೆಯಾಜ್ಞೆಯನ್ನು ನ್ಯಾಯಾಲಯ ಕೊಡಲಿಲ್ಲ. ದಾವೆಯನ್ನು ವಕೀಲರು ನೋಡಿಕೊಳ್ಳಲಿ. ಅರೋಯೊ ಸೆಕೊ ಕಣಿವೆಯ ಅಂಚಿನಲ್ಲಿರುವ ನಾವು ಕೌನ್ಸಿಲ್‌ಗೆ ಏನು ಹೇಳಬೇಕು, ಅದನ್ನು ತಿಳಿಸಿ.

ಲಿಂಡಾ ವಿಸ್ತಾ ನಿವಾಸಿ:
ಹೋಗುವವರನ್ನು ಏಕೆ ತಡೆಯಬೇಕು ಮೇಡಂ? ಪಂದ್ಯದ ಶನಿವಾರ ನಾವು ಕಾರು ಹೊರಗೆ ತೆಗೆಯುವಂತಿಲ್ಲ. ತರಕಾರಿಗೂ ಬೆಳಿಗ್ಗೆಯೇ ಹೋಗಿ ಬಂದುಬಿಡಬೇಕು. ಒಮ್ಮೆ ಯಾರೋ ನಮ್ಮ ಮನೆಯ ದಾರಿಗೇ ಅಡ್ಡವಾಗಿ ಕಾರು ನಿಲ್ಲಿಸಿ ಪಂದ್ಯ ನೋಡಲು ಹೋಗಿದ್ದರು, ಅತ್ತೆಯವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಲು ಪಕ್ಕದ ಮನೆಯವರ ಕಾರು ಕೇಳಬೇಕಾಯಿತು. ತಂಡ ಹೋದರೆ ವರ್ಷಕ್ಕೆ ಆರೇಳು ಶನಿವಾರಗಳಾದರೂ ನಮ್ಮವಾಗುತ್ತವೆ.

ಸ್ಯಾನ್ ರಫಾಯೆಲ್ ನಿವಾಸಿ, ನಿವೃತ್ತ ಎಂಜಿನಿಯರ್:
ನಮ್ಮವಾಗುವುದಿಲ್ಲ ಅಮ್ಮ, ನನ್ನ ಆತಂಕ ಅದೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಈ ಕ್ರೀಡಾಂಗಣ ವಿಶ್ವವಿದ್ಯಾಲಯದ್ದಲ್ಲ, ನಗರದ್ದು, ಅಂದರೆ ನಮ್ಮದು. 1922ರಲ್ಲಿ ಕಟ್ಟಿದ್ದು. ಯುಸಿಎಲ್‌ಎ 1982ರಲ್ಲಿ ಲಾಸ್ ಏಂಜಲೀಸ್ ಕೊಲಿಸಿಯಂ ಬಿಟ್ಟು ಇಲ್ಲಿಗೆ ಬಂದಿತು. 2011ರಲ್ಲಿ ಶುರುವಾದ ನವೀಕರಣಕ್ಕೆ 15 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು, ಅದರಲ್ಲಿ ಬಹುಪಾಲು ಬಾಂಡ್‌ಗಳ ಮೂಲಕ ಎತ್ತಿದ ಸಾಲ. ತಂಡದ ಗುತ್ತಿಗೆ ದೀರ್ಘಕಾಲದ್ದು (ಈಗ 2044ರವರೆಗೆ) ಎಂಬ ಧೈರ್ಯದ ಮೇಲೆ ಮಾಡಿದ ಸಾಲ ಅದು. ಬಾಡಿಗೆದಾರ ದೀರ್ಘಕಾಲ ಇರುತ್ತೇನೆಂದು ಸಹಿ ಹಾಕಿದನೆಂದು ಸಾಲ ಮಾಡಿ ಮಹಡಿ ಕಟ್ಟಿಸಿದ ಮನೆಯೊಡೆಯನ ಸ್ಥಿತಿ ನಮ್ಮ ನಗರದ್ದು. ಕ್ರೀಡಾಂಗಣದ ಆದಾಯ ಕಂತಿಗೆ ಸಾಲದಿದ್ದರೆ ಭಾರ ನಗರದ ಸಾಮಾನ್ಯ ನಿಧಿಯ ಮೇಲೆ ಬೀಳುತ್ತದೆ. ಪೊಲೀಸ್, ಅಗ್ನಿಶಾಮಕ ದಳ, ಉದ್ಯಾನಗಳಿಗೆ ಹಣ ಬರುವುದೂ ಅಲ್ಲಿಂದಲೇ. 2025ರ ಜನವರಿಯ ಬೆಂಕಿಯಲ್ಲಿ ಆ ದಳದ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ. ಆಗ ಅಗ್ನಿಶಾಮಕ ಸಿಬ್ಬಂದಿ ಬೀಡುಬಿಟ್ಟಿದ್ದು ಇದೇ ರೋಸ್ ಬೌಲ್ ಆವರಣದಲ್ಲಿ.

ಇನ್ನು ಶನಿವಾರದ ಮಾತು. 20,000ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳು ವರ್ಷಕ್ಕೆ 12 ಮೀರಬಾರದು ಎಂದು ನಗರದ ಕಾನೂನಿನಲ್ಲಿದೆ, ಮೀರಬೇಕಾದರೆ ಕೌನ್ಸಿಲ್ ಒಪ್ಪಬೇಕು. ಈಗ ಆ ಹನ್ನೆರಡರಲ್ಲಿ ಸುಮಾರು ಅರ್ಧವನ್ನು ಯುಸಿಎಲ್‌ಎ ಪಂದ್ಯಗಳೇ ತುಂಬುತ್ತವೆ. ಅವು ಹೋದರೆ ಕಂತು ಕಟ್ಟಲು ಆ ಜಾಗಕ್ಕೆ ಬೇರೇನಾದರೂ ಬರಲೇಬೇಕು. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲದೆ ಬೇರೇನು ಬರುತ್ತದೆ? ಪಂದ್ಯದ ದಿನಾಂಕ ತಿಂಗಳುಗಳ ಮೊದಲೇ ತಿಳಿದಿರುತ್ತದೆ, ಒಂದೇ ದಿನದಲ್ಲಿ ಮುಗಿಯುತ್ತದೆ. ಸಂಗೀತ ಕಾರ್ಯಕ್ರಮವೆಂದರೆ ವೇದಿಕೆ ಕಟ್ಟಲು ಕೆಲವು ದಿನ, ಧ್ವನಿ ಪರೀಕ್ಷೆಗೆ ಒಂದು ದಿನ, ಬಿಚ್ಚಲು ಮತ್ತೆ ಕೆಲವು ದಿನ. ಕಣಿವೆಯಲ್ಲಿ ಆ ಸದ್ದು ಹೇಗೆ ಮೇಲೇರುತ್ತದೆಂದು ನಿಮ್ಮ ರಸ್ತೆಯವರಿಗೆ ನಾನು ಹೇಳಬೇಕಿಲ್ಲ.

ಕೌನ್ಸಿಲ್ ಹಾಗೆ ಮಾಡುವುದಿಲ್ಲ ಎನ್ನಬೇಡಿ. ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ತಂಡವೊಂದು ತಾತ್ಕಾಲಿಕವಾಗಿ ಬರಬಹುದೆಂಬ ನಿರೀಕ್ಷೆಯಲ್ಲೇ 2012ರಲ್ಲಿ ಈ ಮಿತಿಯನ್ನು 25ಕ್ಕೆ ಏರಿಸಲು ಒಪ್ಪಿದ್ದರು. ಆ ತಂಡ ಬರಲಿಲ್ಲ. ಮಿತಿ ಸಡಿಲಿಸುವುದು ಎಷ್ಟು ಸುಲಭ ಎಂಬುದು ಮಾತ್ರ ಅಂದೇ ಗೊತ್ತಾಯಿತು.

ಲಿಂಡಾ ವಿಸ್ತಾ ನಿವಾಸಿ:
ಮಿತಿಯ ವಿಷಯ ನನಗೆ ತಿಳಿದಿರಲಿಲ್ಲ ಸರ್. ಜನವರಿ 1ರ ರೋಸ್ ಬೌಲ್ ಪಂದ್ಯ ಇದೆಯಲ್ಲ, 2028ರ ಒಲಿಂಪಿಕ್ಸ್ ಸಾಕರ್ ಇದೆಯಲ್ಲ, ಅದರಿಂದ ಹಣ ಬರುವುದಿಲ್ಲವೇ?

ನಿವೃತ್ತ ಎಂಜಿನಿಯರ್:
ಒಂದು ವರ್ಷಕ್ಕೊಮ್ಮೆ, ಇನ್ನೊಂದು ಒಮ್ಮೆ ಮಾತ್ರ. ಕಂತು ಪ್ರತಿ ವರ್ಷ ಕಟ್ಟಬೇಕು.

ಯುಸಿಎಲ್‌ಎ ವಿದ್ಯಾರ್ಥಿನಿ:
ಅಂಕಲ್, ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. ನಮ್ಮ ಕ್ಯಾಂಪಸ್ ಇರುವ ವೆಸ್ಟ್‌ವುಡ್‌ನಿಂದ ಇಲ್ಲಿಗೆ ಸುಮಾರು 26 ಮೈಲಿ. ಶನಿವಾರದ ದಟ್ಟಣೆಯಲ್ಲಿ ಬಸ್ಸಿನಲ್ಲಿ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ, ನನ್ನ ಗೆಳತಿಯರು ಬರುವುದನ್ನೇ ಬಿಟ್ಟಿದ್ದಾರೆ. ಸೋಫೈ ಇದರ ಅರ್ಧ ದೂರದಲ್ಲಿದೆ. ಹಣದ ಒತ್ತಡವೂ ನಿಜ. 2025ರ ಜೂನ್‌ನ ನ್ಯಾಯಾಲಯದ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೇ 2.05 ಕೋಟಿ ಡಾಲರ್‌ವರೆಗೆ. ಅದನ್ನು ಎಲ್ಲಿಂದಲಾದರೂ ತರಬೇಕಲ್ಲವೇ?

ನಿವೃತ್ತ ಎಂಜಿನಿಯರ್:
ಕಷ್ಟ ನಿಜ ಮಗಳೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿಗೆ ಬಂದಾಗಲೂ ದೂರ ಇಷ್ಟೇ ಇತ್ತು, ಗುತ್ತಿಗೆ ವಿಸ್ತರಿಸಿದಾಗಲೂ ಇಷ್ಟೇ ಇತ್ತು. ನನ್ನ ದೃಷ್ಟಿಯಲ್ಲಿ ತೊಡಕಿರುವುದು ಗುತ್ತಿಗೆಯ ಸ್ವರೂಪದಲ್ಲೇ. ಕೊಲಿಸಿಯಂ ನೋಡು. ಅದೂ ಸಾರ್ವಜನಿಕ ಆಸ್ತಿ. ಆದರೆ 2013ರಲ್ಲಿ ಅಲ್ಲಿ ಆಡುವ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) 98 ವರ್ಷದ ಗುತ್ತಿಗೆಗೆ ಇಡೀ ಕ್ರೀಡಾಂಗಣದ ನಿರ್ವಹಣೆಯನ್ನೇ ವಹಿಸಿಕೊಂಡು, ನವೀಕರಣದ ಖರ್ಚನ್ನೂ ತಾನೇ ಹೊತ್ತುಕೊಂಡಿತು. ಹಣ ಹಾಕಿದವರು ಸುಲಭವಾಗಿ ಎದ್ದು ಹೋಗುವುದಿಲ್ಲ. ಇಲ್ಲಿ ಸಾಲ ನಗರದ ಹೆಸರಿನಲ್ಲಿದೆ, ಆಡುವವರು ಬೇರೆ.

ಆಲ್ಟಡೀನಾ ರಸ್ತೆಯ ಮನೆಯವರು:
ನಾವು ಮೊದಲು ಮಯಾಮಿಯಲ್ಲಿದ್ದೆವು, ಅಲ್ಲಿಯ ಕಥೆ ಕೇಳಿ. ಲಿಟಲ್ ಹವಾನಾದ ಆರೆಂಜ್ ಬೌಲ್ ಕೂಡ ನಗರದ ಕ್ರೀಡಾಂಗಣ. ಮಯಾಮಿ ವಿಶ್ವವಿದ್ಯಾಲಯ 1937ರಿಂದ ಅಲ್ಲೇ ಆಡುತ್ತಿತ್ತು. 2007ರಲ್ಲಿ ಎನ್‌ಎಫ್‌ಎಲ್ ತಂಡದ ಕ್ರೀಡಾಂಗಣದೊಡನೆ 25 ವರ್ಷದ ಒಪ್ಪಂದ ಮಾಡಿಕೊಂಡು ಹೊರಟುಹೋಯಿತು. ಕೊನೆಯ ಪಂದ್ಯವನ್ನು ವರ್ಜೀನಿಯಾ ಎದುರು 48–0ರಿಂದ ಸೋತರು. ಮರುವರ್ಷವೇ ಕ್ರೀಡಾಂಗಣವನ್ನು ಕೆಡವಿದರು. ಅದೇ ಜಾಗದಲ್ಲಿ 2012ರಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಎದ್ದಿತು, ಅದಕ್ಕೂ ಬಹುಪಾಲು ಹಣ ಸಾರ್ವಜನಿಕರದೇ. ಸುತ್ತಲಿನವರಿಗೆ ಶಾಂತಿ ಸಿಗಲಿಲ್ಲ. ಬೇಸ್‌ಬಾಲ್ ತಂಡ ಒಂದು ಋತುವಿನಲ್ಲಿ ತವರಿನಲ್ಲೇ 81 ಪಂದ್ಯ ಆಡುತ್ತದೆ.

ನಿರ್ವಾಹಕಿ:
ಇಲ್ಲಿ ರೋಸ್ ಬೌಲ್ ಕೆಡವುವ ಮಾತಿಲ್ಲ, ಅದು ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು. ಆದರೂ ನೀವು ಹೇಳಿದ್ದು ಮುಖ್ಯ. ಹಾಗಾದರೆ ಪತ್ರದಲ್ಲಿ ಏನೇನು ಇರಬೇಕು?

ನಿವೃತ್ತ ಎಂಜಿನಿಯರ್:
ನಗರ ಗುತ್ತಿಗೆಯನ್ನು ಬಿಟ್ಟುಕೊಡಬಾರದು. ಕೊನೆಗೆ ರಾಜಿಯಾದರೆ, ಬಂದ ಹಣವೆಲ್ಲ ಮೊದಲು ಬಾಂಡ್ ಸಾಲಕ್ಕೇ ಹೋಗಬೇಕು, ಬೇರೆ ಯೋಜನೆಗಳಿಗೆ ಹಂಚಬಾರದು. ಫಲಿತಾಂಶ ಏನೇ ಆಗಲಿ, ಸುತ್ತಲಿನ ಮನೆಗಳಿಗೆ ಮೊದಲೇ ತಿಳಿಸಿ ಬಹಿರಂಗ ವಿಚಾರಣೆ ನಡೆಸದೆ 12ರ ಮಿತಿಯನ್ನು ಮುಟ್ಟಬಾರದು.

ಲಿಂಡಾ ವಿಸ್ತಾ ನಿವಾಸಿ:
ಮಿತಿಯ ಬೇಡಿಕೆಗೆ ನಮ್ಮ ಮನೆಯ ನಾಲ್ವರ ಸಹಿ ಇದೆ. ತಂಡ ಇಲ್ಲೇ ಇರಲಿ ಎಂಬುದಕ್ಕೆ ನಾನು ಸಹಿ ಹಾಕುವುದಿಲ್ಲ, ಕ್ಷಮಿಸಿ. ಪಂದ್ಯದ ದಿನ ನಮ್ಮ ರಸ್ತೆಗಳಲ್ಲಿ ನಿವಾಸಿಗಳಿಗೆ ಮಾತ್ರ ಪಾರ್ಕಿಂಗ್ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕೆಂದೂ ಸೇರಿಸಿ.

ನಿರ್ವಾಹಕಿ:
ಸೇರಿಸುತ್ತೇನೆ. ಎರಡು ಪ್ರತ್ಯೇಕ ಪತ್ರ ಮಾಡೋಣ: ಕಾರ್ಯಕ್ರಮಗಳ ಮಿತಿ ಮತ್ತು ಪಾರ್ಕಿಂಗ್ ಒಂದರಲ್ಲಿ, ಗುತ್ತಿಗೆ ಮತ್ತು ಸಾಲ ಇನ್ನೊಂದರಲ್ಲಿ. ಒಪ್ಪಿಗೆಯಿದ್ದದ್ದಕ್ಕೆ ಮಾತ್ರ ಸಹಿ ಹಾಕಿ. ಕರಡನ್ನು ಇಂಗ್ಲಿಷಿನಲ್ಲಿ ನಾನು ಬರೆಯುತ್ತೇನೆ, ಅಂಕಿಗಳನ್ನು ಸರ್ ಪರಿಶೀಲಿಸುತ್ತಾರೆ. ನಮ್ಮೊಡನಿರುವ ಹಿರಿಯರಿಗಾಗಿ ಕನ್ನಡದಲ್ಲೂ ಒಂದು ಪ್ರತಿ ಇರುತ್ತದೆ.

ಯುಸಿಎಲ್‌ಎ ವಿದ್ಯಾರ್ಥಿನಿ:
ಕನ್ನಡ ಪ್ರತಿ ನಾನು ಮಾಡಿಕೊಡುತ್ತೇನೆ ಆಂಟಿ. ಅಜ್ಜಿ ತಿದ್ದಿಕೊಡುತ್ತಾರೆ.

ನಿರ್ವಾಹಕಿ:
ಒಳ್ಳೆಯದು. ಕೌನ್ಸಿಲ್ ಸಭೆ ಸೋಮವಾರ. ಮಾತಾಡುವವರಿಗೆ ಸಿಗುವುದು ಕೆಲವೇ ನಿಮಿಷ, ಆದ್ದರಿಂದ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿಯಿರಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ನಮ್ಮ ಕಾರಿನಲ್ಲಿ ಮೂವರಿಗೆ ಜಾಗ ಇದೆ.