ಸಹಾಯ ಬೇಕು: ಏರ್‌ಸಾಫ್ಟ್ ಗನ್ ಹೊಡೆತ ಕಮ್ಮಿಯಾಗಿದೆ, ವಾಕಿಟಾಕಿಯೂ ಸರಿಯಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಗೆಳೆಯರು ಭಾನುವಾರ ಪಾಂಡವಪುರದ ಹತ್ತಿರ ಒಂದು ತೆಂಗಿನ ತೋಟದಲ್ಲಿ ಏರ್‌ಸಾಫ್ಟ್ (ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ನಿನ ಆಟ) ಆಡುತ್ತೇವೆ. ತೋಟ ಗೆಳೆಯನ ಮಾವನದು. ಕಾಯಿ ಕೀಳಿಸುವ ದಿನ ಮಾತ್ರ ಆಟ ಬಂದ್.

ನನ್ನದು ಬ್ಯಾಟರಿ ಗನ್, 7.4 ವೋಲ್ಟ್ ಲಿಪೋ. ಮೊದಲು 0.20 ಗ್ರಾಂ ಗುಂಡಿಗೆ ಕ್ರೋನೋದಲ್ಲಿ (ಗುಂಡಿನ ವೇಗ ಅಳೆಯುವ ಯಂತ್ರ) 350 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 350 ಅಡಿ ಬರುತ್ತಿತ್ತು. ಈಗ ಒಮ್ಮೆ 290, ಮತ್ತೊಮ್ಮೆ 240. ಗುಂಡು ಮೂರನೇ ಮರ ದಾಟುವಷ್ಟರಲ್ಲಿ ನೆಲ ಕಚ್ಚುತ್ತದೆ. 0.25 ಹಾಕಿದರೆ 313ರ ಹತ್ತಿರ ಇಳಿಯುವುದು ಸಹಜ, ಆದರೆ ನಾನು ಗುಂಡು ಬದಲಿಸಿಯೇ ಇಲ್ಲ.

ಬಿಚ್ಚಿ ನೋಡಿದೆ. ಗಾಳಿ ಹೊರಬರುವ ನಾಝಲ್ ಬಾಯಿಗೆ ಬೆರಳಿಟ್ಟು ಪಿಸ್ಟನ್ ತಳ್ಳಿದರೆ ಗಾಳಿ ಗಟ್ಟಿಯಾಗಿ ನಿಲ್ಲುತ್ತದೆ, ಸೋರುವುದಿಲ್ಲ. ಹಾಗಾಗಿ ಅನುಮಾನ ಹಾಪ್‌ಅಪ್ ರಬ್ಬರ್ (ನಾಝಲ್ ಬಂದು ಕೂರುವ, ಗುಂಡಿಗೆ ಹಿಮ್ಮುಖ ತಿರುವು ಕೊಡುವ ರಬ್ಬರ್) ಮೇಲೆ. ಅದರ ತುಟಿಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಅಷ್ಟಕ್ಕೇ ಇಷ್ಟು ವೇಗ ಬೀಳುತ್ತಾ? ರಬ್ಬರ್ ಬದಲಿಸಿದರೆ ಸಾಕಾ, ನಾಝಲ್ಲೂ ಬೇಕಾ? ಹೋದ ಸಲ ರಿಪೇರಿಗೆ ಕೊಟ್ಟವರು ಸುಮ್ನೆ ಸ್ಪ್ರಿಂಗ್ ಬದಲಿಸಿ ದುಡ್ಡು ತೆಗೆದುಕೊಂಡರು, ಅದಕ್ಕೇ ಕೇಳುತ್ತಿದ್ದೇನೆ.

ಇನ್ನು ವಾಕಿಟಾಕಿ. 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಸಣ್ಣ ಸೆಟ್. ತೋಟದೊಳಗೆ ಚೆನ್ನಾಗಿ ಕೇಳುತ್ತದೆ. ಪಕ್ಕದ ಕಬ್ಬು ತಲೆಯೆತ್ತರ ಬೆಳೆದ ಮೇಲೆ ಆ ಕಡೆಯಿಂದ ಬರೀ ಕೊರಕೊರ. ಹಸಿ ಕಬ್ಬಲ್ವಾ, ನೀರೇ ಸಿಗ್ನಲ್ ಕುಡಿಯುತ್ತದೆ ಅನ್ನಿಸುತ್ತದೆ. ಜಾಸ್ತಿ ವ್ಯಾಟ್‌ನ ಸೆಟ್ ಹೇಳಬೇಡಿ, ಲೈಸೆನ್ಸ್ ರಗಳೆ ಬೇಡ. ಸೊಂಟದಿಂದ ತೆಗೆದು ಭುಜಕ್ಕೆ ಕಟ್ಟಿ ಯಾರಾದರೂ ನೋಡಿದ್ದೀರಾ? ವ್ಯತ್ಯಾಸ ಗೊತ್ತಾಗುತ್ತಾ?

ಮೈಸೂರಲ್ಲಿ ಹಾಪ್‌ಅಪ್ ರಬ್ಬರ್ ಸಿಕ್ಕರೆ ತಿಳಿಸಿ, ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ.