ಪಕ್ಕದ ಮನೆಯ ಅಜ್ಜಿಯ ಹಳೆಯ ವಿಂಚೆಸ್ಟರ್: ವಯಸ್ಸೆಷ್ಟು, ಬೆಲೆಯೆಷ್ಟು?

ಪ್ರಶ್ನೆ: ನಾವು ಪೆನ್ಸಿಲ್ವೇನಿಯಾದಲ್ಲಿ ಇದ್ದೇವೆ. ಪಕ್ಕದ ಮನೆಯ ಅಜ್ಜಿ, ತೀರಿಹೋದ ಗಂಡನ ಜಿಂಕೆ ಬೇಟೆಯ ರೈಫಲನ್ನು ನನಗೆ ಮಾರುತ್ತೇನೆ, ಬೆಲೆಯನ್ನು ನೀನೇ ಹೇಳು ಎಂದಿದ್ದಾರೆ. ವಿಂಚೆಸ್ಟರ್ ಮಾಡೆಲ್ 94, ತೋಟೆಯ ಅಳತೆ .30-30, ಲಿವರ್ ಆಕ್ಷನ್ (ಕೆಳಗಿನ ಲಿವರ್ ಎಳೆದು ತೋಟೆ ಏರಿಸುವ ಬಗೆ). ಕ್ರಮಸಂಖ್ಯೆ 18 ಲಕ್ಷದ ಆಸುಪಾಸು. ಅವರಿಗೆ ಮೋಸವಾಗಬಾರದು. ಅನುಭವ ಇರುವವರು ತಿಳಿಸಿ.

ಒಹಾಯೊದಿಂದ: ನಾನು ಕೊಡಗಿನವನು. ಕೋವಿ ಕೈಗೆ ಬಂದ ಕೂಡಲೇ ತೋಟೆ ಇದೆಯೇ ಎಂದು ನೋಡುವುದನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ನೀವೂ ಅಲ್ಲಿಂದಲೇ ಶುರು ಮಾಡಿ. ಲಿವರನ್ನು ಪೂರ್ತಿ ಕೆಳಗೆಳೆದು ಒಳಗೆ ನೋಡಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸು ಉಳಿದಿರಬಹುದು, ಅದನ್ನು ಮರೆಯಬೇಡಿ.

ವಯಸ್ಸು ಕಂಡುಹಿಡಿಯುವುದು ಸುಲಭ. ವಿಂಚೆಸ್ಟರ್ ಕಂಪನಿ ಈ ಮಾದರಿಯ 15 ಲಕ್ಷನೆಯ ರೈಫಲನ್ನು 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರಿಗೂ 20 ಲಕ್ಷನೆಯದನ್ನು 1953ರಲ್ಲಿ ಐಸೆನ್‌ಹೋವರ್ ಅವರಿಗೂ ಕೊಟ್ಟಿತು. ನಿಮ್ಮದು ಆ ಎರಡರ ನಡುವಿನದು. ಪ್ರಕಟವಾದ ಪಟ್ಟಿಗಳು ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ, ಹಾಗಾಗಿ ಒಂದೆರಡು ವರ್ಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯವಾದ ಗಡಿ 1964. ಆ ವರ್ಷ ಖರ್ಚು ಉಳಿಸಲು ಒಳಭಾಗಗಳಿಗೆ ಅಚ್ಚೊತ್ತಿದ ತಗಡು, ಟೊಳ್ಳು ಪಿನ್ನುಗಳು ಬಂದವು. ಸುಮಾರು 27 ಲಕ್ಷದೊಳಗಿನ ಸಂಖ್ಯೆ ಇದ್ದರೆ ಅದು ಹಿಂದಿನ ಕಾಲದ್ದು. ಸಂಗ್ರಾಹಕರು ಹೆಚ್ಚು ಕೊಡುವುದು ಅದಕ್ಕೇ.

ಬೆಲೆ ಮಾತ್ರ ಆ ರೈಫಲಿಗೆ ಇಷ್ಟು ವರ್ಷದಲ್ಲಿ ಯಾರು ಏನು ಮಾಡಿದ್ದಾರೆ ಎಂಬುದರ ಮೇಲೆ ನಿಂತಿದೆ. ತಿರುಪುಗಳ ತಲೆ ನೋಡಿ. ಸೀಳು ಕಿತ್ತುಹೋಗಿದ್ದರೆ ಅರೆಬರೆ ತಿಳಿದವರು ಬಿಚ್ಚಿದ್ದಾರೆ. ನಳಿಗೆಯ ಮೇಲಿನ ಅಕ್ಷರಗಳ ಅಂಚು ಚೂಪಾಗಿರಬೇಕು, ಮಸುಕಾಗಿದ್ದರೆ ಉಜ್ಜಿ ಹೊಸದಾಗಿ ನೀಲಿಗಪ್ಪು ಬಣ್ಣ ಏರಿಸಿರುವ ಸಾಧ್ಯತೆ ಇದೆ. ಆ ಕಾಲದ 94ರಲ್ಲಿ ಖಾಲಿ ಕಾಡತೂಸು ಮೇಲಕ್ಕೆ ಹಾರುತ್ತದೆ. ಹಾಗಾಗಿ ದುರ್ಬೀನು ಕೂರಿಸಲು ಹಲವರು ಪಕ್ಕದಲ್ಲಿ ತೂತು ಕೊರೆಸಿದ್ದಾರೆ. ಅಂಥ ತೂತು ಇದ್ದರೆ ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ನಳಿಗೆಯೊಳಗೆ ಬೆಳಕು ಬಿಟ್ಟು ಸುರುಳಿಗೆರೆಗಳು ಸ್ಪಷ್ಟವಾಗಿವೆಯೇ, ತುಕ್ಕಿನ ಗುಳಿಗಳಿವೆಯೇ ಎಂದೂ ನೋಡಿ.

ದಯವಿಟ್ಟು ಏನನ್ನೂ ಉಜ್ಜಬೇಡಿ. ನಾನು ಕೊಂಡ ಮೊದಲ 94ರ ಮರದ ಹಿಡಿ ಕಪ್ಪಾಗಿತ್ತು. ಮರಳು ಕಾಗದದಿಂದ ತಿಕ್ಕಿ ವಾರ್ನಿಷ್ ಹೊಡೆದೆ. ಕನ್ನಡಿಯಂತೆ ಹೊಳೆಯಿತು. ಆದರೆ ಮರ ತೆಳುವಾಗಿ, ಕಬ್ಬಿಣ ಸೇರುವ ಜಾಗದಲ್ಲಿ ತಗ್ಗಾಯಿತು. ತೋರಿಸಿದ ವ್ಯಾಪಾರಿ ಬೇಟೆಗೆ ಬಳಸುವ ರೈಫಲಿನ ಬೆಲೆಯನ್ನಷ್ಟೇ ಹೇಳಿದರು. ಹಿಂದಿನ ಮಾಲೀಕರ ಅಂಗೈ ವರ್ಷಗಟ್ಟಲೆ ಸವೆಸಿದ ಗುರುತು ಅದರಲ್ಲಿತ್ತು, ನಾನೇ ಅಳಿಸಿದೆ. ಇಂದಿಗೂ ನೋವಾಗುತ್ತದೆ.

ಮಿಷಿಗನ್‌ನಿಂದ: ಬೆಲೆಗೆ ಹರಾಜು ತಾಣಗಳಲ್ಲಿ ಮಾರಾಟಗಾರರು ಕೇಳುವ ಮೊತ್ತವನ್ನು ನಂಬಬೇಡಿ, ಮುಗಿದ ಹರಾಜುಗಳನ್ನು ಮಾತ್ರ ನೋಡಿ. ನನ್ನದು ಬೇರೆ ಕಂಪನಿಯ ಲಿವರ್ ರೈಫಲ್, ಮಾರ್ಲಿನ್ 336. ಅದರ ಲೆಕ್ಕ ಬೇರೆ: 1973ರ ನಡುವಿನಿಂದ ಕೆಲವು ದಶಕ ತಯಾರಾದವುಗಳಲ್ಲಿ ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳನ್ನು 100ರಿಂದ ಕಳೆಯಬೇಕು. ನನ್ನದು 21, ಅಂದರೆ 1979. ನಳಿಗೆಯ ಮೇಲೆ ಪುಟ್ಟ ‘ಜೆಎಂ’ ಮುದ್ರೆಯೂ ಇದೆ, ಹಳೆಯ ಕಾರ್ಖಾನೆಯ ಆ ಗುರುತನ್ನು ಜನ ಹುಡುಕಿಕೊಂಡು ಬರುತ್ತಾರೆ.

ಟೆಕ್ಸಾಸ್‌ನಿಂದ: ಬೆಲೆಗಿಂತ ಮೊದಲು ಒಂದು ಮಾತು. ನೀವು ಎಚ್-1ಬಿ ವೀಸಾದಲ್ಲಿದ್ದರೆ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಸಿಗುತ್ತದೆ. ಅದರ ಅವಧಿ ಮುಗಿದರೆ ವಿನಾಯಿತಿಯೂ ಹೋಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಹೇಗಿದ್ದರೂ ಪರವಾನಗಿ ಇರುವ ವ್ಯಾಪಾರಿಯ ಮೂಲಕವೇ ವರ್ಗಾಯಿಸಿಕೊಳ್ಳಿ, ಅಜ್ಜಿಗೂ ನೆಮ್ಮದಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ನನಗೆ ಗ್ರೀನ್ ಕಾರ್ಡ್ ಇದೆ. ಇಂದು ಸಂಜೆ ನೋಡಿದೆ: ಕೊಳವೆ ಖಾಲಿ, ತೂತುಗಳಿಲ್ಲ, ಅಕ್ಷರಗಳು ಚೂಪಾಗಿವೆ, ಒಂದು ತಿರುಪು ಮಾತ್ರ ಕಿತ್ತಿದೆ. ಅಜ್ಜಿ ಕಳೆದ ವಾರವಷ್ಟೇ ಹಿಡಿಗೆ ಎಣ್ಣೆ ಹಚ್ಚಿ ತಿಕ್ಕಬೇಕೆಂದಿದ್ದರಂತೆ. ಬೇಡ ಎಂದು ಹೇಳಿ ಬಂದಿದ್ದೇನೆ. ಮುಗಿದ ಹರಾಜುಗಳ ಬೆಲೆಯನ್ನು ಬರೆದುಕೊಂಡು ಶನಿವಾರ ಅವರ ಮುಂದೆಯೇ ಇಡುತ್ತೇನೆ.