ಮೋಡೆಮಿಗೆ ನೇರ ಜೋಡಿಸಿದರೆ ಅಂತರ್ಜಾಲ ಬರುತ್ತದೆ, ನಡುವೆ ರೂಟರ್ ಇಟ್ಟರೆ ಬರುವುದಿಲ್ಲ: ಅನುಭವಸ್ಥರು ತಿಳಿಸಬೇಕು

ಸಂತೆಕಟ್ಟೆಯಿಂದ (ಪ್ರಶ್ನೆ ಕೇಳಿದವರು)

ನಮ್ಮದು ಮುರಕಲ್ಲಿನ ಗೋಡೆಯ, ಹೆಂಚಿನ ಮಾಡಿನ ಹಳೆಯ ಮನೆ. ಟಿವಿ ಕೇಬಲಿನಲ್ಲೇ ಅಂತರ್ಜಾಲವನ್ನೂ ಕೊಡುವವರಿಂದ ಕಳೆದ ವಾರ ಸಂಪರ್ಕ ತೆಗೆದುಕೊಂಡೆವು. ಬಂದ ಹುಡುಗ ಚಾವಡಿಯಲ್ಲಿ ಮೋಡೆಮ್ ಇಟ್ಟು, ನನ್ನ ಕಂಪ್ಯೂಟರನ್ನು ಅದಕ್ಕೆ ನೇರವಾಗಿ ಜೋಡಿಸಿ, ಪುಟ ತೆರೆಯುವುದನ್ನು ತೋರಿಸಿ ಹೋದ. ಮರುದಿನ ನಾನು 1,650 ರೂಪಾಯಿಗೆ ಒಂದು ರೂಟರ್ ತಂದು ನಡುವೆ ಜೋಡಿಸಿದೆ. ಕಂಪ್ಯೂಟರಿಗೆ 192.168.0 ಎಂದು ಆರಂಭವಾಗುವ ವಿಳಾಸ ಸಿಗುತ್ತದೆ, ರೂಟರಿನ ಪುಟವೂ ತೆರೆಯುತ್ತದೆ, ಆದರೆ ಅದರ ಅಂತರ್ಜಾಲದ ದೀಪ ಕಿತ್ತಳೆ ಬಣ್ಣ ಬಿಟ್ಟು ಹಸಿರಾಗುವುದಿಲ್ಲ. ರೂಟರ್ ತೆಗೆದು ಮೊದಲಿನಂತೆ ಜೋಡಿಸಿದರೆ ಎಲ್ಲವೂ ಸರಿ. ಮಗಳು ಉಪ್ಪರಿಗೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡಬೇಕಾಗಿರುವುದರಿಂದ ರೂಟರ್ ಇಲ್ಲದೆ ನಡೆಯದು. ಈ ತೊಂದರೆ ಕಂಡವರು ಏನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಕಂಕನಾಡಿಯಿಂದ

ರೂಟರನ್ನು ದೂರುವ ಮೊದಲು ಗೋಡೆಯಿಂದ ಬರುವ ತಂತಿಯನ್ನು ನೋಡಿ. ಇದು ಹನ್ನೊಂದು ತಿಂಗಳು ಒದ್ದಾಡಿ ನಾನು ಕಲಿತದ್ದು. ನಮ್ಮಲ್ಲಿ ಸಂಜೆ ಏಳರ ನಂತರ ಸಂಪರ್ಕ ಕಡಿಯುತ್ತಿತ್ತು, ಬೆಳಿಗ್ಗೆ ತಾನಾಗಿ ಬರುತ್ತಿತ್ತು. ರೂಟರಿನದೇ ತಪ್ಪೆಂದು ನಂಬಿ 1,400 ರೂಪಾಯಿಯದನ್ನು ಬಿಟ್ಟು 2,250ರದ್ದು ತಂದೆ, ಅದನ್ನೂ ಬಿಟ್ಟು 3,900ರದ್ದು ತಂದೆ. ಪೆಟ್ಟಿಗೆ ಒಡೆದ ಮೇಲೆ ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರಿಂದ ಮೂರೂ ಈಗ ನನ್ನ ಕಪಾಟಿನಲ್ಲೇ ಇವೆ.

ಕೊನೆಗೆ ಪರಿಚಯದ ಒಬ್ಬರು ಮೋಡೆಮಿನದೇ ಒಂದು ಪುಟ 192.168.100.1 ಎಂಬ ವಿಳಾಸದಲ್ಲಿ ಸಿಗುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿ ಒಳಬರುವ ಸಂಕೇತದ ಬಲ ಮೈನಸ್ 14 ಡಿಬಿಎಂವಿ (ಸಂಕೇತದ ಬಲವನ್ನು ಅಳೆಯುವ ಮಾನ) ಎಂದಿತ್ತು. ಸೊನ್ನೆಯ ಆಚೀಚೆ ಏಳರೊಳಗೆ ಇದ್ದರೆ ನೆಮ್ಮದಿ, ಮೈನಸ್ 15 ಎಂದರೆ ಕಟ್ಟಕಡೆಯ ಅಂಚು. ಕಾರಣ ನಮ್ಮ ಮನೆಯೊಳಗೇ ಇತ್ತು. ತಂದೆಯವರ ಕೋಣೆಯ ಟಿವಿಗೆ ಒಂದು ಸ್ಪ್ಲಿಟರ್ (ಒಂದು ತಂತಿಯನ್ನು ಕವಲೊಡೆಸುವ ಚಿಕ್ಕ ಡಬ್ಬಿ), ಅಡುಗೆಮನೆಯ ಟಿವಿಗೆ ಇನ್ನೊಂದು, ಅವೆರಡನ್ನೂ ದಾಟಿ ಉಳಿದದ್ದು ಮೋಡೆಮಿಗೆ. ಎರಡು ಕವಲಿನ ಒಂದೊಂದು ಸ್ಪ್ಲಿಟರಿನಲ್ಲಿ ಸುಮಾರು ಮೂರೂವರೆ ಡೆಸಿಬೆಲ್ ಹೋಗುತ್ತದೆ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚೇ ಬಲ ನಷ್ಟ. ಹಾಗಾದರೆ ಬಲ ಹೆಚ್ಚಿಸೋಣವೆಂದು 620 ರೂಪಾಯಿಯ ಟಿವಿ ಬೂಸ್ಟರ್ ಹಾಕಿದೆ. ಅಂದಿನಿಂದ ಮೋಡೆಮ್ ಹಗಲಿನಲ್ಲೂ ಏಳಲಿಲ್ಲ! ಆ ಬೂಸ್ಟರ್ ಒಳಬರುವುದನ್ನು ಮಾತ್ರ ಬಲಪಡಿಸುತ್ತದೆ, ಮೋಡೆಮ್ ಹಿಂದಕ್ಕೆ ಕಳುಹಿಸುವ ಕೆಳಗಿನ ಆವರ್ತನಗಳಿಗೆ ಅದರಲ್ಲಿ ದಾರಿಯೇ ಇಲ್ಲ.

ಕಡೆಗೆ ಮಾಡಿದ್ದು ಇಷ್ಟು. ಆರ್‌ಜಿ-6 ಎಂಬ ಟಿವಿ ಕೇಬಲ್ 22 ಮೀಟರಿಗೆ 528 ರೂಪಾಯಿ, ಒತ್ತಿ ಕೂರಿಸುವ ಕನೆಕ್ಟರ್ ಆರಕ್ಕೆ 150, ಒಳ್ಳೆಯ ಸ್ಪ್ಲಿಟರಿಗೆ 180, ಒತ್ತುವ ಇಕ್ಕಳಕ್ಕೆ 850. ಒಟ್ಟು 1,708 ರೂಪಾಯಿ. ಅದಕ್ಕೆ ಮೊದಲು ವ್ಯರ್ಥವಾದದ್ದು 8,170. ಮನೆಯೊಳಗೆ ಬಂದ ಕೂಡಲೇ ಒಂದೇ ಸ್ಪ್ಲಿಟರ್, ಅದರ ಒಂದು ಕವಲು ನೇರ ಮೋಡೆಮಿಗೆ, ಟಿವಿಗಳೆಲ್ಲ ಇನ್ನೊಂದು ಕವಲಿಗೆ. ಈಗ ಮೈನಸ್ 5. ಎರಡು ಮಳೆಗಾಲ ಕಳೆದರೂ ಕಡಿದಿಲ್ಲ.

ಪಡುಬಿದ್ರಿಯಿಂದ

ಕೇಬಲಿನ ತಾಮ್ರವನ್ನೇ ಮನೆಯೊಳಗೆ ಬಿಟ್ಟುಕೊಂಡ ಮೇಲೆ ಸ್ಪ್ಲಿಟರ್ ಎಲ್ಲಿದೆ ಎಂಬ ಚರ್ಚೆಯಿಂದ ಏನು ಪ್ರಯೋಜನ? ನನ್ನ ಮನೆಯಲ್ಲಿ ಏಪ್ರಿಲ್ ಕೊನೆಯ ಒಂದು ಸಂಜೆ, ಇನ್ನೂ ಮಳೆಯ ಹನಿ ಬಿದ್ದಿರಲಿಲ್ಲ, ಹಿತ್ತಿಲಿನ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಗುಡುಗು ಕೇಳಿದೊಡನೆ ನಾನು ಕಂಪ್ಯೂಟರಿನ, ಮೋಡೆಮಿನ, ರೂಟರಿನ ಪ್ಲಗ್ಗುಗಳನ್ನು ಕಿತ್ತಿಟ್ಟು ಜಾಣನಂತೆ ಜಗಲಿಯಲ್ಲಿ ಕುಳಿತಿದ್ದೆ. ಗೋಡೆಯಿಂದ ಮೋಡೆಮಿಗೆ ಬರುವ ದಪ್ಪ ತಂತಿಯನ್ನು ಮಾತ್ರ ಬಿಚ್ಚಿರಲಿಲ್ಲ. ಆ ತಂತಿಯಿಂದ ಮೋಡೆಮಿಗೆ, ಅಲ್ಲಿಂದ ನೆಟ್‌ವರ್ಕ್ ತಂತಿಯ ಮೂಲಕ ರೂಟರಿಗೆ, ರೂಟರಿನಿಂದ ಕಂಪ್ಯೂಟರಿನ ಮದರ್‌ಬೋರ್ಡಿಗೆ, ಹೀಗೆ ಸಾಲಾಗಿ ಎಲ್ಲವೂ ಹೋಯಿತು.

ಮೋಡೆಮ್ ಬಾಡಿಗೆಯದಾದ್ದರಿಂದ ದಂಡ 1,500, ರೂಟರ್ 1,800, ಮದರ್‌ಬೋರ್ಡ್ 7,400, ಬಿಚ್ಚಿ ಕೂರಿಸಿದ ಕೂಲಿ 600. ಇದೆಲ್ಲ ಆದ ಮೇಲೂ ಬುದ್ಧಿ ಬರಲಿಲ್ಲ. ಹೊಸ ಅರ್ತಿಂಗ್ ಮಾಡಿಸಿದರೆ ಸಾಕೆಂದು ಒಬ್ಬರು ಹೇಳಿದ್ದನ್ನು ನಂಬಿ ಗುಂಡಿ ತೋಡಿಸಿ, ಉಪ್ಪು, ಇದ್ದಿಲು ತುಂಬಿಸಿ 6,200 ರೂಪಾಯಿ ಕಳೆದೆ. ಕೇಬಲಿನ ಲೋಹದ ಹೊರಕವಚವನ್ನು ಆ ಅರ್ತಿಂಗಿಗೆ ಜೋಡಿಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಅಕ್ಟೋಬರಿನಲ್ಲಿ ಎರಡನೆಯ ಮೋಡೆಮ್ ಹೋಯಿತು. ಆಮೇಲೆ ಫೈಬರ್ ಹಾಕಿಸಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಈಗ ಗುಡುಗಿದರೂ ಚಾ ಕುಡಿಯುತ್ತಾ ಕುಳಿತಿರುತ್ತೇನೆ. ಕೇಬಲಿಗೇ ಅಂಟಿಕೊಂಡಿರುವವರು ಹಣ ಉಳಿಸುತ್ತಿಲ್ಲ, ನಷ್ಟವನ್ನು ಮುಂದೂಡುತ್ತಿದ್ದಾರೆ.

ಕಂಕನಾಡಿಯಿಂದ

ಪಡುಬಿದ್ರಿಯವರೇ, ತಂತಿ ಬಿಚ್ಚದೆ ಬಿಟ್ಟದ್ದು ತಾವು, ಬೈಗುಳ ಕೇಬಲಿಗೆ. ಮಳೆಗಾಲದ ಮೊದಲೂ ನಂತರವೂ ನಾನು ಹೊರಗೆ ಹೋಗುವಾಗ ಎರಡು ಸುತ್ತು ತಿರುಗಿಸಿ ಆ ಕನೆಕ್ಟರನ್ನು ಬಿಚ್ಚಿ, ಮೋಡೆಮಿನಿಂದ ಒಂದು ಮೊಳ ದೂರ ಇಡುತ್ತೇನೆ. ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಇನ್ನು ಫೈಬರಿನ ಮಾತು. ಕಂಬದಿಂದ ಮನೆಗೆ ಎಳೆಯುವ ಫೈಬರಿನಲ್ಲಿ ಭಾರ ಹೊರಲು ಉಕ್ಕಿನ ತಂತಿಯನ್ನು ಸೇರಿಸಿರುವುದೂ ಉಂಟು, ತಾವು ಚಾ ಕುಡಿಯುವ ಮೊದಲು ಒಮ್ಮೆ ಸಿಪ್ಪೆ ಸುಲಿದು ನೋಡಿ. ಅಲ್ಲದೆ ಆ ಪೆಟ್ಟಿಗೆಗೂ ಗೋಡೆಯ ಪ್ಲಗ್ಗಿನಿಂದಲೇ ವಿದ್ಯುತ್ತು ಬರಬೇಕು.

ಪಡುಬಿದ್ರಿಯಿಂದ

ಉಕ್ಕಿನ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಗೇ ಕಟ್ಟಿ, ಅಲ್ಲಿಂದ ಒಳಗೆ ಬರಿಯ ಎಳೆಯನ್ನು ಮಾತ್ರ ತಂದಿದ್ದಾರೆ. ನಾನೇ ಏಣಿ ಹತ್ತಿ ನೋಡಿದ್ದೇನೆ. ಮಧ್ಯಾಹ್ನ ಊಟಕ್ಕೆ ಹೋದಾಗ ಸಿಡಿಲು ಬಂದರೆ ತಾವು ಬಿಚ್ಚಲು ಕಂಕನಾಡಿಗೆ ಓಡುತ್ತೀರೋ?

ಮಣಿಪಾಲದಿಂದ

ಮೊದಲನೆಯದಾಗಿ ಎಲ್ಲ ಪೆಟ್ಟಿಗೆಗಳನ್ನೂ ಮೋಡೆಮ್ ಎಂದು ಕರೆಯುವುದನ್ನು ನಿಲ್ಲಿಸಬೇಕು. ಕೇಬಲಿನ ಸಂಕೇತವನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾರ್ಪಡಿಸುವುದು ಮೋಡೆಮ್, ಒಂದು ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವುದು ರೂಟರ್, ಫೈಬರಿನ ತುದಿಯಲ್ಲಿರುವುದು ಒಎನ್‌ಯು. ಈ ಊರಿನ ಅರ್ಧದಷ್ಟು ಜಗಳ ಈ ಮೂರು ಹೆಸರುಗಳ ಗೊಂದಲದಿಂದಲೇ ಹುಟ್ಟುತ್ತದೆ. ಸಂತೆಕಟ್ಟೆಯವರ ಮೋಡೆಮ್ ಮೊದಲು ಕಂಡ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಹಿಡಿದುಕೊಂಡಿರಬೇಕು, ಅದನ್ನು ಪೂರ್ತಿ ಆರಿಸಿ, ರೂಟರನ್ನು ಜೋಡಿಸಿದ ಮೇಲೆಯೇ ಮತ್ತೆ ಹಚ್ಚಿದರೆ ಹೊಸ ಸಾಧನವನ್ನು ಗುರುತಿಸುತ್ತದೆ.

ನನ್ನ ಪ್ರಕರಣ ಬೇರೆಯೇ ಇತ್ತು. ನನಗೆ ಕೊಟ್ಟ ಪೆಟ್ಟಿಗೆಯೊಳಗೇ ಮೋಡೆಮ್ ಮತ್ತು ರೂಟರ್ ಎರಡೂ ಇದ್ದವು, ಅದನ್ನು ಯಾರೂ ಹೇಳಲಿಲ್ಲ. ನಾನು ಅದರ ಮುಂದೆ ನನ್ನದೇ ರೂಟರ್ ಇಟ್ಟೆ. ಎರಡೂ 192.168.1.1 ಎಂಬ ಒಂದೇ ವಿಳಾಸದಲ್ಲಿ ಕುಳಿತಿದ್ದರಿಂದ ಯಾವುದಕ್ಕೆ ಕಳುಹಿಸಬೇಕೆಂದು ತಿಳಿಯದೆ ಎಲ್ಲವೂ ನಿಂತುಹೋಯಿತು. ನನ್ನದನ್ನು 192.168.2.1 ಎಂದು ಬದಲಾಯಿಸಿದೆ, ಪುಟಗಳು ತೆರೆದವು. ಆದರೆ ಎರಡು ರೂಟರುಗಳೂ ಒಂದರ ಮೇಲೊಂದರಂತೆ ವಿಳಾಸ ಬದಲಿಸುವ ಈ ವ್ಯವಸ್ಥೆಯಲ್ಲಿ ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಲಾಗಲಿಲ್ಲ. ಅವರ ಪೆಟ್ಟಿಗೆಯನ್ನು ಬ್ರಿಡ್ಜ್ ಸ್ಥಿತಿಗೆ, ಅಂದರೆ ರೂಟರಿನ ಕೆಲಸ ಬಿಟ್ಟು ಬರಿಯ ಮೋಡೆಮಾಗಿ ಇರುವಂತೆ, ತಿರುಗಿಸಿ ಎಂದು ಹದಿನಾಲ್ಕು ಸಲ ಕರೆ ಮಾಡಿದೆ. ಒಂಬತ್ತನೆಯ ಕರೆಯಲ್ಲಿ ಒಬ್ಬರು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಲು ಸಲಹೆ ಕೊಟ್ಟರು! ಹದಿನಾಲ್ಕನೆಯ ಕರೆಯಲ್ಲಿ ಎರಡು ನಿಮಿಷದಲ್ಲಿ ಕೆಲಸವಾಯಿತು. ಆ ಎಲ್ಲ ಕರೆಗಳ ದಿನಾಂಕ, ಸಮಯಗಳನ್ನು ನಾನು ಬರೆದಿಟ್ಟಿದ್ದೇನೆ.

ಕಿನ್ನಿಗೋಳಿಯಿಂದ

ಉಪ್ಪರಿಗೆಗೆ ಗಾಳಿಯಲ್ಲಿ ಬರುತ್ತದೆ ಎಂಬ ಆಸೆಯನ್ನೇ ಬಿಡಿ. ನಮ್ಮದೂ ಮುರಕಲ್ಲಿನ ಮನೆ, ಗೋಡೆಯ ದಪ್ಪ ಒಂದೂಕಾಲು ಅಡಿ. ಚಾವಡಿಯ ರೂಟರ್ ಪಡಸಾಲೆ ದಾಟುವಷ್ಟರಲ್ಲಿ ಬಳಲುತ್ತದೆ, ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಕೇಳುವುದೇ ಬೇಡ. ಐದು ಗಿಗಾಹರ್ಟ್ಸಿನದು ವೇಗ ಹೆಚ್ಚು ಎಂದು ಅಂಗಡಿಯಲ್ಲಿ ಹೊಗಳಿ ಕೊಟ್ಟರು. ಗೋಡೆ ದಾಟುವುದರಲ್ಲಿ ಅದು 2.4 ಗಿಗಾಹರ್ಟ್ಸಿಗಿಂತಲೂ ದುರ್ಬಲ ಎಂದು ಮನೆಗೆ ತಂದ ಮೇಲೆ ತಿಳಿಯಿತು.

ನಾನು ತಂತಿಯನ್ನೇ ಎಳೆದೆ. ಕ್ಯಾಟ್-6 ಎಂಬ ನೆಟ್‌ವರ್ಕ್ ತಂತಿ 35 ಮೀಟರಿಗೆ 910 ರೂಪಾಯಿ, ಗೋಡೆ ಕೊರೆಯಲು ಬಂದವನಿಗೆ 700. ಮುರಕಲ್ಲಿನಲ್ಲಿ ಕೊರೆಯುವಾಗ ಗಟ್ಟಿ ಭಾಗ ಸಿಕ್ಕಿ ಅವನ ಬಿಟ್ ಮುರಿಯಿತು, ಅದಕ್ಕೆ 240 ನಾನೇ ಕೊಟ್ಟೆ. ತಿಂಗಳೊಳಗೆ ಅಟ್ಟದ ಹೆಗ್ಗಣ ತಂತಿಯನ್ನು ಕಡಿಯಿತು. ಪೂರ್ತಿ ಕಡಿದಿದ್ದರೆ ಕೂಡಲೇ ತಿಳಿಯುತ್ತಿತ್ತು, ಅದು ಎಂಟು ಎಳೆಗಳಲ್ಲಿ ಕಂದು ಬಣ್ಣದ್ದನ್ನು ಮಾತ್ರ ಕಡಿದಿತ್ತು. ನೂರು ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಎಂಬ ಎರಡು ಜೋಡಿ ಸಾಕು, ಸಾವಿರಕ್ಕೆ ನಾಲ್ಕು ಜೋಡಿಯೂ ಬೇಕು. ಆದ್ದರಿಂದ ಸಂಪರ್ಕ ಇರುವಂತೆಯೇ ಇತ್ತು, ಇನ್ನೂರು ಎಂಬಿಪಿಎಸ್ ವೇಗದ ಯೋಜನೆಗೆ ಹಣ ಕೊಟ್ಟು ನಾಲ್ಕು ತಿಂಗಳು ತೊಂಬತ್ತೈದರಲ್ಲೇ ಬದುಕಿದೆವು. ಕಂಪ್ಯೂಟರಿನಲ್ಲಿ ಲಿಂಕಿನ ವೇಗ 100 ಎಂದು ಕಂಡಾಗಲೇ ಅನುಮಾನ ಬಂದದ್ದು. ಈಗ ತಂತಿ ಪಿವಿಸಿ ಕೊಳವೆಯೊಳಗಿದೆ. ಕೊಳವೆಗೆ 480 ರೂಪಾಯಿ. ಹೆಗ್ಗಣಕ್ಕೆ ಇಟ್ಟ ಬೋನಿನ ಲೆಕ್ಕವನ್ನು ಸೇರಿಸಿಲ್ಲ.

ಸುರತ್ಕಲ್‌ನಿಂದ

ಗೋಡೆ ಕೊರೆದು, ಬಿಟ್ ಮುರಿದು, ಹೆಗ್ಗಣ ಸಾಕಿ, ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೀರಿ. ನಾನು ರೂಟರನ್ನು ಚಾವಡಿಯಿಂದ ತೆಗೆದು ಮೆಟ್ಟಿಲಿನ ಬುಡದಲ್ಲಿ, ಆಳೆತ್ತರದ ಕಪಾಟಿನ ಮೇಲೆ ಇಟ್ಟೆ. ಮೆಟ್ಟಿಲು ಏರುವಲ್ಲಿ ಗೋಡೆಯಿಲ್ಲ, ಹಲಗೆಯ ಅಟ್ಟ ಮಾತ್ರ. ಕಂಪ್ಯೂಟರಿಗೆ 550 ರೂಪಾಯಿಯ ಯುಎಸ್‌ಬಿ ವೈಫೈ ಕಡ್ಡಿ, ಅದನ್ನೂ ಕ್ಯಾಬಿನೆಟ್ಟಿನ ಹಿಂಬದಿಗೆ ಸಿಕ್ಕಿಸದೆ ಒಂದು ಮೀಟರಿನ ಯುಎಸ್‌ಬಿ ತಂತಿಯಲ್ಲಿ ಮುಂದಕ್ಕೆ ತಂದೆ. ಮುಗಿಯಿತು.

ಕಿನ್ನಿಗೋಳಿಯಿಂದ

ಹಲಗೆಯ ಅಟ್ಟ ಇದ್ದವರು ಕಾಂಕ್ರೀಟಿನ ಉಪ್ಪರಿಗೆ ಇದ್ದವರಿಗೆ ಬುದ್ಧಿ ಹೇಳುವುದು ಎಷ್ಟು ಸರಿ ಮಾರಾಯರೇ? ನಮ್ಮ ಹುಡುಗನಿಗೆ ಪರೀಕ್ಷೆಯ ನಡುವೆ ಸಂಪರ್ಕ ಕಡಿದ ದಿನ ತಾವು ಬಂದು ಆ ಕಡ್ಡಿಯನ್ನು ಹಿಡಿದು ನಿಲ್ಲುತ್ತಿದ್ದಿರೋ?

ಸುರತ್ಕಲ್‌ನಿಂದ

ಪರೀಕ್ಷೆಯ ದಿನ ಸಂಪರ್ಕ ಕಡಿದದ್ದು ತಮ್ಮ ತಂತಿಯಿಂದ, ನನ್ನ ಕಡ್ಡಿಯಿಂದಲ್ಲ ಎಂಬುದನ್ನು ಮತ್ತೊಮ್ಮೆ ಓದಿ ನೋಡಿ.

ಕಿನ್ನಿಗೋಳಿಯಿಂದ

ಅದು ತಂತಿ ಎಳೆಯುವ ಮೊದಲಿನ ವರ್ಷ! ಅದಕ್ಕಾಗಿಯೇ ತಂತಿ ಎಳೆದದ್ದು.

ಸಂತೆಕಟ್ಟೆಯಿಂದ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮಣಿಪಾಲದವರು ನಡುವೆ ಒಂದು ವಾಕ್ಯದಲ್ಲಿ ಹೇಳಿದಂತೆ ಮೋಡೆಮಿನ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟೆ. ಅದರಿಂದ ಬರುವ ನೆಟ್‌ವರ್ಕ್ ತಂತಿಯನ್ನು ರೂಟರಿನ ನೀಲಿ ರಂಧ್ರಕ್ಕೂ ಕಂಪ್ಯೂಟರಿನದನ್ನು ಹಳದಿಗೂ ಸಿಕ್ಕಿಸಿದೆ. ಮೊದಲು ಮೋಡೆಮ್ ಹಚ್ಚಿ, ಅದರ ಆನ್‌ಲೈನ್ ದೀಪ ಮಿನುಗುವುದು ನಿಂತ ಮೇಲೆ ರೂಟರ್ ಹಚ್ಚಿದೆ. ದೀಪ ಹಸಿರಾಯಿತು. ಉಪ್ಪರಿಗೆಯಲ್ಲಿ ಮಾತ್ರ ಕಿಟಕಿಯ ಬಳಿ ಬರುತ್ತದೆ, ಮಗಳ ಮೇಜಿನ ಬಳಿ ಬರುವುದಿಲ್ಲ. ಸದ್ಯ ಮೇಜನ್ನು ಕಿಟಕಿಯ ಬಳಿಗೆ ಸರಿಸಿದ್ದೇವೆ.

ಮಣಿಪಾಲದಿಂದ

ಒಂದು ವಾಕ್ಯವಾದರೂ ಅದು ಸರಿಯಾದ ವಾಕ್ಯವಾಗಿತ್ತು. ರೂಟರಿನ ಪುಟದ ಗುಪ್ತಪದವನ್ನು ಇಂದೇ ಬದಲಾಯಿಸಿ, ಡಬ್ಬಿಯ ಅಡಿಯಲ್ಲಿ ಅಚ್ಚಾದದ್ದು ಹಾಗೆಯೇ ಇದ್ದರೆ ಮನೆಗೆ ಬಂದ ನೆಂಟರೂ ಒಳಗೆ ಹೋಗಬಲ್ಲರು.

ಪಡುಬಿದ್ರಿಯಿಂದ

ಕಿಟಕಿಯ ಬಳಿ ಮೇಜು ಇಟ್ಟಿದ್ದೀರಿ, ಜೂನಿನಲ್ಲಿ ಇರಚಲು ಹೊಡೆಯುತ್ತದೆ. ಸಿಡಿಲಿನ ವಿಷಯದಲ್ಲಿ ಒಂದು ಮಾತನ್ನೂ ಹೇಳಲಿಲ್ಲ ತಾವು. ಆ ದಪ್ಪ ತಂತಿಯನ್ನು ಬಿಚ್ಚುವುದು ಹೇಗೆಂದು ಮಗಳಿಗೂ ತೋರಿಸಿಟ್ಟಿದ್ದೀರೋ?

ಕಂಕನಾಡಿಯಿಂದ

ಬಿಚ್ಚಬೇಕು ಎಂದು ಪಡುಬಿದ್ರಿಯವರೂ ಈಗ ಒಪ್ಪಿದಂತಾಯಿತು. ಅಂದ ಹಾಗೆ ಸಂತೆಕಟ್ಟೆಯವರೇ, ತಮ್ಮ ಮನೆಯಲ್ಲಿ ಸ್ಪ್ಲಿಟರ್ ಎಷ್ಟಿವೆ?